ಆರೋಗ್ಯದ ಸುದ್ದಿ ಓದಿ ಮಾತ್ರೆ ಬದಲಿಸುವ ಮೊದಲು

2022ರ ಕೊನೆಯಲ್ಲಿ ಒಂದು ರಾತ್ರಿ ದೊಡ್ಡಪ್ಪ ಫೋನ್ ಮಾಡಿದರು. ಅವರು ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡುವವರಲ್ಲ. ದೊಡ್ಡಮ್ಮನಿಗೆ ಏನೋ ಆಯಿತು ಅಂದುಕೊಂಡೇ ಎತ್ತಿದೆ. "ಔಷಧಿ ಬಂತಂತೆ ಕಣೇ" ಅಂದರು. ಮುಂದೆ ಮಾತಾಡಲು ಆಗಲಿಲ್ಲ ಅವರಿಗೆ.

ದೊಡ್ಡಮ್ಮನಿಗೆ ಅಲ್ಜೈಮರ್ಸ್, ಮರೆವಿನ ಕಾಯಿಲೆ. ಆಗಲೇ ಆರು ವರ್ಷ ದಾಟಿತ್ತು. ಮಕ್ಕಳ ಹೆಸರು ಪೂರ್ತಿ ಹೋಗಿತ್ತು, ದೊಡ್ಡಪ್ಪನ ಮುಖ ಮಾತ್ರ ಆಗೊಮ್ಮೆ ಈಗೊಮ್ಮೆ ಗುರುತು ಸಿಗುತ್ತಿತ್ತು. ಅವರು ಕಳಿಸಿದ ಸುದ್ದಿಯಲ್ಲಿ ಲೆಕಾನೆಮ್ಯಾಬ್ ಅನ್ನುವ ಹೊಸ ಔಷಧಿ ಈ ಕಾಯಿಲೆಯನ್ನು ಶೇಕಡಾ 27ರಷ್ಟು ನಿಧಾನ ಮಾಡುತ್ತದೆ ಅಂತ ಇತ್ತು. ದೊಡ್ಡಪ್ಪನ ತಲೆಯಲ್ಲಿ ಅದು ಬೇರೆಯೇ ಆಗಿ ಕೂತಿತ್ತು: ಇವಳಿಗೆ ಕಾಲು ಭಾಗ ವಾಸಿಯಾಗುತ್ತದೆ.

ಆ ಸುದ್ದಿ ಸುಳ್ಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆರೋಗ್ಯದ ಸುದ್ದಿ ಅಂದ ತಕ್ಷಣ ನಾವೆಲ್ಲ "ಇದು ನಿಜವೋ ಸುಳ್ಳೋ" ಅಂತ ಕೇಳುತ್ತೇವೆ. ಪೂರ್ತಿ ಸುಳ್ಳನ್ನು ಹಿಡಿಯುವುದು ಅಷ್ಟು ಕಷ್ಟವಲ್ಲ. ರೋಗಿಗಳನ್ನು, ಅವರನ್ನು ನೋಡಿಕೊಳ್ಳುವವರನ್ನು ಜಾಸ್ತಿ ದಾರಿ ತಪ್ಪಿಸುವುದು ಅರ್ಧ ಹೇಳಿದ ನಿಜ. ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರೆ. ಈ ಸುದ್ದಿ ಯಾರ ಬಗ್ಗೆ? ನನ್ನ ಬಗ್ಗೆಯಾ?

ಮಾರನೇ ದಿನ ದೊಡ್ಡಪ್ಪನ ಪಕ್ಕ ಕೂತು ಆ ಅಧ್ಯಯನದ ಸಾರಾಂಶ ತೆರೆದೆ. ಒಂದೇ ಪುಟ, ಉಚಿತವಾಗಿ ಸಿಗುತ್ತದೆ. ಅದರಲ್ಲಿ ಇದ್ದದ್ದು ಇಷ್ಟು. 1,795 ಜನರ ಮೇಲೆ ಪರೀಕ್ಷೆ, ವಯಸ್ಸು 50ರಿಂದ 90. ಎಲ್ಲರೂ ಕಾಯಿಲೆಯ ಶುರುವಿನ ಹಂತದವರು. ಸುಮಾರು ಅರ್ಧ ಜನರಿಗೆ ಎರಡು ವಾರಕ್ಕೊಮ್ಮೆ ಡ್ರಿಪ್ ಹಾಕಿ ಔಷಧಿ, ಉಳಿದವರಿಗೆ ಔಷಧಿ ಇಲ್ಲದ ಡ್ರಿಪ್. ಹೀಗೆ 18 ತಿಂಗಳು. ನೆನಪು, ತಮ್ಮ ಕೆಲಸ ತಾವು ಮಾಡಿಕೊಳ್ಳುವುದು, ಇವನ್ನೆಲ್ಲ ಸೇರಿಸಿ ಅಳೆಯಲು 0ಯಿಂದ 18ರವರೆಗೆ ಅಂಕ. ಅಂಕ ಏರಿದಷ್ಟೂ ಕಾಯಿಲೆ ಜಾಸ್ತಿ. ಔಷಧಿ ಸಿಗದವರ ಅಂಕ ಸರಾಸರಿ 1.66 ಏರಿತು, ಔಷಧಿ ಸಿಕ್ಕವರದ್ದು 1.21 ಏರಿತು. ವ್ಯತ್ಯಾಸ 0.45. ಈ 0.45 ಅನ್ನುವುದು 1.66ರಲ್ಲಿ ಶೇಕಡಾ 27. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ 18 ಅಂಕದ ಅಳತೆಯಲ್ಲಿ ಅದು ಅರ್ಧ ಅಂಕವೂ ಅಲ್ಲ, ಮತ್ತು ಎರಡೂ ಗುಂಪಿನಲ್ಲಿ ಸರಾಸರಿಯಾಗಿ ಕಾಯಿಲೆ ಮುಂದಕ್ಕೇ ಹೋಯಿತು. ಹೋದ ನೆನಪು ವಾಪಸ್ ಬರುತ್ತದೆ ಅಂತ ಯಾರೂ ಹೇಳಿರಲಿಲ್ಲ. ಇನ್ನೊಂದು ಸಾಲು ಕೆಳಗಿತ್ತು: ಔಷಧಿ ಪಡೆದ 100 ಜನರಲ್ಲಿ ಸುಮಾರು 13 ಜನರ ಮಿದುಳಿನ ಸ್ಕ್ಯಾನಿನಲ್ಲಿ ಊತ ಕಂಡಿತು, ಔಷಧಿ ಇಲ್ಲದವರಲ್ಲಿ 2 ಜನರಿಗೂ ಕಡಿಮೆ.

ಆ ಅರ್ಧ ಅಂಕ ಬದುಕಿನಲ್ಲಿ ಗೊತ್ತಾಗುವಷ್ಟು ದೊಡ್ಡದಾ ಅನ್ನುವುದರಲ್ಲಿ ಡಾಕ್ಟರುಗಳಲ್ಲೇ ಎರಡು ಅಭಿಪ್ರಾಯ ಇದೆ. ಈಗ ತಾನೇ ಕಾಯಿಲೆ ಗೊತ್ತಾದವರಿಗೆ ಕೆಲವು ತಿಂಗಳು ನಿಧಾನವಾದರೂ ಅದು ದೊಡ್ಡ ವಿಷಯ ಅನ್ನಿಸಬಹುದು, ಅದು ಅವರ ತೀರ್ಮಾನ. ದೊಡ್ಡಪ್ಪ ಎಲ್ಲ ಕೇಳಿಸಿಕೊಂಡು "ನಿನ್ನ ದೊಡ್ಡಮ್ಮನಂಥವರು ಇದರಲ್ಲಿ ಇಲ್ಲ ಅಲ್ವಾ?" ಅಂದರು. ಇಲ್ಲ ಅಂದೆ. ಅವರು ಸುಮ್ಮನೆ ಕೂತರು.

ಅವತ್ತಿನಿಂದ ಮನೆಯಲ್ಲಿ, ಗೆಳೆಯರಲ್ಲಿ ಯಾರಾದರೂ ಆರೋಗ್ಯದ ಸುದ್ದಿ ಕಳಿಸಿದರೆ ಇದೇ ರೀತಿ ಕೂತು ಓದುತ್ತೇವೆ. ಡಾಕ್ಟರಿಕೆ ಓದಿರಬೇಕಾಗಿಲ್ಲ, ನಾನೂ ಓದಿಲ್ಲ. ಕೆಲವು ಪ್ರಶ್ನೆ ಕೇಳಲು ಬಂದರೆ ಸಾಕು.

ಯಾರ ಮೇಲೆ ಪರೀಕ್ಷೆ ಮಾಡಿದರು?

ಮೊದಲು ಹುಡುಕಬೇಕಾದ್ದು ಇದನ್ನೇ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶದ ಮೇಲಾ, ಇಲಿಯ ಮೇಲಾ, ಮನುಷ್ಯರ ಮೇಲಾ? ಎಷ್ಟೋ ಸುದ್ದಿಗಳಲ್ಲಿ ಈ ಮಾತು ಕೊನೆಯ ಪ್ಯಾರಾದಲ್ಲಿ ಇರುತ್ತದೆ, ಅಲ್ಲಿಯವರೆಗೆ ಓದುವವರು ಕಡಿಮೆ. 2019ರಲ್ಲಿ ಜೇಮ್ಸ್ ಹೆದರ್ಸ್ ಅನ್ನುವ ಸಂಶೋಧಕ ಟ್ವಿಟರ್‌ನಲ್ಲಿ ಒಂದು ಖಾತೆ ತೆರೆದು ಒಂದೇ ಒಂದು ಕೆಲಸ ಮಾಡಿದರು. ಇಲಿಗಳ ಮೇಲಿನ ಸಂಶೋಧನೆಯನ್ನು ಮನುಷ್ಯರ ಸುದ್ದಿಯ ಹಾಗೆ ಬರೆದ ತಲೆಬರಹಗಳನ್ನು ಹಂಚಿಕೊಂಡು, ಅದರ ಜೊತೆಗೆ "ಇಲಿಗಳಲ್ಲಿ" ಅಂತ ಸೇರಿಸುವುದು. ಆ ಒಂದು ಪದ ಬಿದ್ದ ತಕ್ಷಣ ಸುದ್ದಿಯ ತೂಕವೇ ಬದಲಾಗುತ್ತಿತ್ತು. ನೀವೂ ಮಾಡಿ ನೋಡಿ. "ಕ್ಯಾನ್ಸರ್ ಗಡ್ಡೆ ಕರಗಿತು" ಅನ್ನುವುದಕ್ಕೆ ಮುಂದೆ "ಇಲಿಗಳಲ್ಲಿ" ಅಂತ ಸೇರಿಸಿ ಓದಿ.

ತಟ್ಟೆಯಲ್ಲಿ ಕ್ಯಾನ್ಸರ್ ಕೋಶವನ್ನು ಕೊಲ್ಲುವ ವಸ್ತುಗಳು ಲೆಕ್ಕವಿಲ್ಲದಷ್ಟು ಇವೆ. ಬ್ಲೀಚ್ ಹಾಕಿದರೂ ಸಾಯುತ್ತವೆ. ಅದೇ ವಸ್ತು ದೇಹದೊಳಗೆ ಹೋಗಿ, ಹೊಟ್ಟೆ, ಲಿವರ್ ಎಲ್ಲ ದಾಟಿ, ಗಡ್ಡೆಯ ತನಕ ಬೇಕಾದಷ್ಟು ಪ್ರಮಾಣದಲ್ಲಿ ತಲುಪಿ, ಉಳಿದ ಒಳ್ಳೆಯ ಕೋಶಗಳನ್ನು ಹಾಳು ಮಾಡದೆ ಇರಬೇಕು. ಆ ದಾರಿಯಲ್ಲೇ ಹೆಚ್ಚಿನವು ಬಿದ್ದುಹೋಗುತ್ತವೆ.

ಮನುಷ್ಯರ ಮೇಲೇ ಮಾಡಿದ್ದಾದರೆ, ಎಂಥವರು ಅಂತ ನೋಡಿ. ವಯಸ್ಸು, ಗಂಡಸರೋ ಹೆಂಗಸರೋ, ಕಾಯಿಲೆ ಯಾವ ಹಂತದಲ್ಲಿ, ಜೊತೆಗೆ ಸಕ್ಕರೆ ಕಾಯಿಲೆ ಅಥವಾ ಕಿಡ್ನಿ ತೊಂದರೆ ಇದ್ದವರನ್ನು ಸೇರಿಸಿಕೊಂಡರಾ ಬಿಟ್ಟರಾ. ಹಲವು ಟ್ರಯಲ್‌ಗಳಲ್ಲಿ, ಅಂದರೆ ಮನುಷ್ಯರ ಮೇಲಿನ ಔಷಧಿ ಪರೀಕ್ಷೆಗಳಲ್ಲಿ, ತುಂಬ ವಯಸ್ಸಾದವರನ್ನು, ಗರ್ಭಿಣಿಯರನ್ನು, ನಾಲ್ಕಾರು ಕಾಯಿಲೆ ಒಟ್ಟಿಗೆ ಇರುವವರನ್ನು ಹೊರಗಿಡುತ್ತಾರೆ. ನೀವು ಆ ಹೊರಗಿಟ್ಟವರ ಸಾಲಿನಲ್ಲಿದ್ದರೆ ಫಲಿತಾಂಶ ನಿಮಗೆ ನೇರವಾಗಿ ಹೊಂದುವುದಿಲ್ಲ.

ಎಷ್ಟು ಜನರಲ್ಲಿ ಎಷ್ಟು?

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದು ಇರಲಿ. ಶೇಕಡಾ ಅನ್ನುವ ಮಾತು ಬಂದ ತಕ್ಷಣ ಅಲ್ಲೇ ನಿಂತು "ಯಾವುದರ ಶೇಕಡಾ?" ಅಂತ ಕೇಳಿ.

1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಒಂದು ಎಚ್ಚರಿಕೆ ಕೊಟ್ಟಿತು. ಕೆಲವು ಹೊಸ ಥರದ ಗರ್ಭನಿರೋಧಕ ಮಾತ್ರೆಗಳಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ ಅಂತ. ಎರಡು ಪಟ್ಟು ಅಂದರೆ ಶೇಕಡಾ 100 ಜಾಸ್ತಿ. ಯಾರಿಗಾದರೂ ಎದೆ ಝಲ್ ಅನ್ನುತ್ತದೆ. ಎಷ್ಟೋ ಹೆಂಗಸರು ಆವತ್ತಿಗೇ ಮಾತ್ರೆ ಬಿಟ್ಟರು. ಈಗ ಒಳಗಿನ ಲೆಕ್ಕ ನೋಡಿ. ಹಳೆಯ ಮಾತ್ರೆ ತೆಗೆದುಕೊಳ್ಳುವ 7,000 ಹೆಂಗಸರಲ್ಲಿ ಸುಮಾರು ಒಬ್ಬರಿಗೆ ಹೀಗಾಗುತ್ತಿತ್ತು, ಹೊಸದರಲ್ಲಿ 7,000ಕ್ಕೆ ಇಬ್ಬರಿಗೆ. ಹೆಚ್ಚಾಗಿದ್ದು 7,000ಕ್ಕೆ ಒಬ್ಬರು. ಮುಂದಿನ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತ ಹೆಚ್ಚಾಗಿ ನಡೆದವು ಅಂತ ಅಂದಾಜು. ಗರ್ಭ ನಿಂತರೆ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಗಿಂತಲೂ ಜಾಸ್ತಿ. ಯಾವುದಕ್ಕೆ ಹೆದರಿ ಮಾತ್ರೆ ಬಿಟ್ಟರೋ ಅದಕ್ಕೇ ಇನ್ನಷ್ಟು ಹತ್ತಿರ ಹೋದ ಹಾಗಾಯಿತು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. "7,000ಕ್ಕೆ ಒಬ್ಬರ ಬದಲು ಇಬ್ಬರು" ಅಂತ ಎಲ್ಲರಿಗೂ ತಲುಪಿದ್ದರೆ ಎಷ್ಟು ಮನೆಗಳಲ್ಲಿ ಎಷ್ಟು ಬೇರೆ ತೀರ್ಮಾನ ಆಗುತ್ತಿತ್ತೋ.

ಭಯದ ಸುದ್ದಿಯಲ್ಲಿ ಹೇಗೋ ಆಸೆಯ ಸುದ್ದಿಯಲ್ಲೂ ಹಾಗೆಯೇ. ಲಿಪಿಟಾರ್ ಅನ್ನುವ ಕೊಲೆಸ್ಟ್ರಾಲ್ ಮಾತ್ರೆಯ ಜಾಹೀರಾತಿನಲ್ಲಿ ಹೃದಯಾಘಾತ ಶೇಕಡಾ 36ರಷ್ಟು ಕಡಿಮೆ ಅಂತ ದೊಡ್ಡ ಅಕ್ಷರದಲ್ಲಿ ಇತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಪೂರ್ತಿ ಮಾತು: ಔಷಧಿ ಇಲ್ಲದ ಮಾತ್ರೆ ತೆಗೆದುಕೊಂಡ 100 ಜನರಲ್ಲಿ 3 ಜನರಿಗೆ ಹೃದಯಾಘಾತ ಆಯಿತು, ಲಿಪಿಟಾರ್ ತೆಗೆದುಕೊಂಡ 100 ಜನರಲ್ಲಿ 2 ಜನರಿಗೆ. ಅಂದರೆ 100 ಜನ ಕೆಲವು ವರ್ಷ ಮಾತ್ರೆ ನುಂಗಿದರೆ ಸುಮಾರು ಒಬ್ಬರು ಪಾರಾಗುತ್ತಾರೆ.

ತಡೆಯಿರಿ, ಇದನ್ನು ಓದಿ ಕೊಲೆಸ್ಟ್ರಾಲ್ ಮಾತ್ರೆ ಪಕ್ಕಕ್ಕಿಡಬೇಡಿ. ಆ ಲೆಕ್ಕ ಅದುವರೆಗೆ ಹೃದಯಾಘಾತ ಆಗದೇ ಇದ್ದವರದ್ದು. ನಿಮಗೆ ಒಮ್ಮೆ ಹೃದಯಾಘಾತ ಆಗಿದೆ, ನಿಮ್ಮಂಥ 100 ಜನರಲ್ಲಿ 20 ಜನರಿಗೆ ಮತ್ತೆ ಆಗಬಹುದು ಅಂದುಕೊಳ್ಳಿ. ಅದೇ ಮೂರನೇ ಒಂದು ಭಾಗ ಕಡಿಮೆಯಾದರೆ ಆರೇಳು ಜನ ಉಳಿದರು. ಮಾತ್ರೆ ಒಂದೇ, ಶೇಕಡಾ ಒಂದೇ, ಉಪಯೋಗ ಮಾತ್ರ ಅಜಗಜಾಂತರ. ಅದಕ್ಕೇ ಡಾಕ್ಟರ ಹತ್ತಿರ "ನನ್ನಂಥ 100 ಜನರಲ್ಲಿ ಮಾತ್ರೆ ಇಲ್ಲದೆ ಎಷ್ಟು ಜನರಿಗೆ, ಮಾತ್ರೆ ಇದ್ದರೆ ಎಷ್ಟು ಜನರಿಗೆ?" ಅಂತ ಕೇಳಬೇಕು.

ಲೆಕ್ಕ ತಲೆಗೆ ಹತ್ತದವರಿಗೆ ನಾನು ಒಂದು ಹಾಳೆ ತೆಗೆದು ಹತ್ತು ಸಾಲು, ಸಾಲಿಗೆ ಹತ್ತು ಚುಕ್ಕೆ ಹಾಕಿ ತೋರಿಸುತ್ತೇನೆ. ಮಾತ್ರೆ ಇಲ್ಲದಿದ್ದರೆ ಕಾಯಿಲೆ ಬೀಳುವವರಿಗೆ ಕೆಂಪು ಬಣ್ಣ. ಮಾತ್ರೆಯಿಂದ ಉಳಿಯುವ ಚುಕ್ಕೆಗೆ ಸುತ್ತು. ಅಡ್ಡ ಪರಿಣಾಮ ಆಗುವವರಿಗೆ ಅಡ್ಡಗೆರೆ. ದೊಡ್ಡಪ್ಪನಿಗೆ ಎಪ್ಪತ್ತೆಂಟು, ಅವರೇ ಈಗ ಈ ಚುಕ್ಕೆ ಹಾಕುತ್ತಾರೆ.

ಸುದ್ದಿಯಲ್ಲಿ ಈ ಅಂಕಿಗಳು ಇಲ್ಲದೇ ಇದ್ದರೆ? ಆ ಸುದ್ದಿಯ ಮೇಲೆ ಯಾವ ತೀರ್ಮಾನವನ್ನೂ ಮಾಡಬೇಡಿ. ಅಷ್ಟೇ.

ಇದ್ದದ್ದಕ್ಕೂ ಆದದ್ದಕ್ಕೂ ನಂಟು

"ನಂಟಿದೆ", "ಸಂಬಂಧ ಕಂಡುಬಂದಿದೆ", "ಹೀಗೆ ಮಾಡುವವರಲ್ಲಿ ಈ ಕಾಯಿಲೆ ಕಡಿಮೆ". ಇಂಥ ಮಾತು ಕಂಡರೆ ಅದು ಸಾಮಾನ್ಯವಾಗಿ ಜನರನ್ನು ದೂರದಿಂದ ಗಮನಿಸಿ ಮಾಡಿದ ಅಧ್ಯಯನ. ಇದರಿಂದಲೇ ಇದಾಯಿತು ಅಂತ ಅದು ಹೇಳುವುದಿಲ್ಲ, ಹೇಳಲು ಆಗುವುದೂ ಇಲ್ಲ.

ಮುಟ್ಟು ನಿಂತ ಮೇಲೆ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುವ ಹೆಂಗಸರಲ್ಲಿ ಹೃದಯದ ಕಾಯಿಲೆ ಕಡಿಮೆ ಅಂತ ಹಲವು ವರ್ಷ ಇಂಥ ಅಧ್ಯಯನಗಳು ಹೇಳುತ್ತಾ ಬಂದವು. ಡಾಕ್ಟರುಗಳೂ ನಂಬಿದರು. ಆಮೇಲೆ ಅಮೆರಿಕದಲ್ಲಿ 16,608 ಹೆಂಗಸರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ಹಾರ್ಮೋನ್ ಸೇರಿದ ಮಾತ್ರೆ, ಇನ್ನೊಂದಕ್ಕೆ ಔಷಧಿ ಇಲ್ಲದ ಮಾತ್ರೆ ಕೊಟ್ಟರು. 2002ರಲ್ಲಿ ಆ ಟ್ರಯಲನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಹೃದಯಕ್ಕೆ ರಕ್ಷಣೆ ಸಿಗಲಿಲ್ಲ. ವರ್ಷಕ್ಕೆ 10,000 ಹೆಂಗಸರಲ್ಲಿ ಹೃದಯಾಘಾತದಂಥ ಘಟನೆ 7, ಪಾರ್ಶ್ವವಾಯು 8, ಸ್ತನ ಕ್ಯಾನ್ಸರ್ 8 ಜಾಸ್ತಿ ಆಗಿದ್ದವು. ಸೊಂಟದ ಮೂಳೆ ಮುರಿತ 5 ಕಡಿಮೆ. ಹಾಗಾದರೆ ಮೊದಲಿನ ಅಧ್ಯಯನಗಳು ಎಡವಿದ್ದೆಲ್ಲಿ? ಹಾರ್ಮೋನ್ ಮಾತ್ರೆ ಕೇಳಿ ತೆಗೆದುಕೊಳ್ಳುವವರು ಮೊದಲೇ ಅನುಕೂಲಸ್ಥರು, ಓದಿದವರು, ಆರೋಗ್ಯದ ಬಗ್ಗೆ ಕಾಳಜಿ ಜಾಸ್ತಿ ಇದ್ದವರು ಆಗಿದ್ದದ್ದು ಒಂದು ದೊಡ್ಡ ಕಾರಣ. ಹೃದಯ ಚೆನ್ನಾಗಿದ್ದದ್ದಕ್ಕೆ ಹೆಸರು ಮಾತ್ರೆಗೆ ಬಂತು.

ಮತ್ತೆ ಇಲ್ಲೂ ಸುದ್ದಿ ಅತಿಯಾಯಿತು. ಟ್ರಯಲ್‌ನಲ್ಲಿದ್ದವರ ಸರಾಸರಿ ವಯಸ್ಸು 63. ಐವತ್ತರ ಆಸುಪಾಸಿನಲ್ಲಿ ಮೈ ಬಿಸಿಯಾಗಿ ರಾತ್ರಿಯಿಡೀ ನಿದ್ದೆ ಇಲ್ಲದೆ ಒದ್ದಾಡುವವರಿಗೆ ಲೆಕ್ಕ ಬೇರೆ ಇತ್ತು. ಅಂಥವರೂ ಹೆದರಿ ಬಿಟ್ಟರು.

ಬೀಟಾ ಕ್ಯಾರೋಟಿನ್ ಕಥೆಯೂ ಹಾಗೆಯೇ. ತರಕಾರಿ ಹಣ್ಣು ಜಾಸ್ತಿ ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಅಂತ ಕಂಡಿತ್ತು. ಅದರಲ್ಲಿರುವ ಈ ವಸ್ತುವನ್ನೇ ಮಾತ್ರೆ ಮಾಡಿ ಫಿನ್ಲೆಂಡ್‌ನಲ್ಲಿ ಧೂಮಪಾನ ಮಾಡುವ 29,133 ಗಂಡಸರ ಮೇಲೆ ಪರೀಕ್ಷೆ ಮಾಡಿದರು. 1994ರಲ್ಲಿ ಫಲಿತಾಂಶ ಬಂತು. ಮಾತ್ರೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18 ಜಾಸ್ತಿ. ಯಾರೂ ಎಣಿಸಿರಲಿಲ್ಲ. "ಸಹಜ ವಸ್ತು, ತೊಂದರೆ ಏನೂ ಇಲ್ಲ" ಅನ್ನುವ ಮಾತು ಕೇಳಿದಾಗ ಇದು ನೆನಪಿರಲಿ.

ಹಾಗಾಗಿ ಸುದ್ದಿಯಲ್ಲಿ "ಯಾರ ಜೊತೆ ಹೋಲಿಸಿದರು?" ಅಂತ ಹುಡುಕಿ. ಯಾರಿಗೆ ಔಷಧಿ, ಯಾರಿಗೆ ಇಲ್ಲ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸಿದರಾ ಅಂತಲೂ ನೋಡಿ. "ಇದನ್ನು ತೆಗೆದುಕೊಂಡ 50 ಜನರಲ್ಲಿ 40 ಜನ ಗುಣವಾದರು" ಅಂದರೆ ಏನೂ ಹೇಳಿದಂತಲ್ಲ. ಏನೂ ಕೊಡದೆ ಬಿಟ್ಟಿದ್ದರೂ 40 ಜನ ಗುಣವಾಗುತ್ತಿದ್ದರೋ ಏನೋ, ನೆಗಡಿಯಂಥ ಕಾಯಿಲೆ ತಾನಾಗೇ ಹೋಗುತ್ತದೆ ಅಲ್ವಾ.

ರಿಪೋರ್ಟ್ ಸುಧಾರಿಸಿತು, ಮನುಷ್ಯ?

ಒಂದು ಕಾಲದಲ್ಲಿ ಹೃದಯಾಘಾತ ಆದವರಿಗೆ ಬಡಿತ ತಪ್ಪುತ್ತಿದ್ದರೆ ಅದನ್ನು ಸರಿ ಮಾಡುವ ಮಾತ್ರೆ ಕೊಡುತ್ತಿದ್ದರು. ಇಸಿಜಿಯಲ್ಲಿ ತಪ್ಪಿದ ಬಡಿತಗಳು ನಿಜವಾಗಿಯೂ ಕಡಿಮೆಯಾಗುತ್ತಿದ್ದವು. ಆಮೇಲೆ ಯಾರೋ ಸರಿಯಾಗಿ ಪರೀಕ್ಷೆ ಮಾಡೋಣ ಅಂದರು. 1991ರಲ್ಲಿ ಪ್ರಕಟವಾದ ಲೆಕ್ಕ ಹೀಗಿತ್ತು: ಎನ್ಕೈನೈಡ್ ಅಥವಾ ಫ್ಲೆಕೈನೈಡ್ ಅನ್ನುವ ಅಂಥ ಮಾತ್ರೆ ತೆಗೆದುಕೊಂಡ 755 ಜನರಲ್ಲಿ 63 ಸಾವು, ಔಷಧಿ ಇಲ್ಲದ ಮಾತ್ರೆ ತೆಗೆದುಕೊಂಡ 743 ಜನರಲ್ಲಿ 26 ಸಾವು. ಇಸಿಜಿ ಚೆನ್ನಾಗಿತ್ತು. ಜನ ಸತ್ತರು.

ಸುದ್ದಿಯಲ್ಲಿ "ಗಡ್ಡೆ ಕುಗ್ಗಿತು", "ಸಕ್ಕರೆ ಅಂಶ ಇಳಿಯಿತು", "ಮಿದುಳಿನಲ್ಲಿ ಕಟ್ಟಿದ್ದ ಪ್ರೋಟೀನ್ ಕರಗಿತು" ಅಂತ ಬಂದರೆ, ಒಳ್ಳೆಯದು, ಆದರೆ ಜನ ಜಾಸ್ತಿ ದಿನ ಬದುಕಿದರಾ, ನೋವು ಕಡಿಮೆಯಾಯಿತಾ, ಎದ್ದು ಓಡಾಡಿದರಾ ಅಂತ ನೋಡಿ.

"ಬೇಗ ಪತ್ತೆ ಹಚ್ಚಿ" ಅನ್ನುವ ಸುದ್ದಿಗೂ ಇದೇ ಅಳತೆ. ದಕ್ಷಿಣ ಕೊರಿಯಾದಲ್ಲಿ 1999ರ ನಂತರ ಕ್ಯಾನ್ಸರ್ ತಪಾಸಣೆ ದೊಡ್ಡದಾಗಿ ಶುರುವಾಯಿತು, ಅದರ ಜೊತೆಗೆ ಥೈರಾಯ್ಡ್ ಸ್ಕ್ಯಾನ್ ಮಾಡಿಸುವುದೂ ರೂಢಿಯಾಯಿತು. 2011ರ ಹೊತ್ತಿಗೆ ಪತ್ತೆಯಾಗುವ ಥೈರಾಯ್ಡ್ ಕ್ಯಾನ್ಸರ್ 1993ಕ್ಕಿಂತ 15 ಪಟ್ಟಾಗಿತ್ತು. ಆ ಕ್ಯಾನ್ಸರ್‌ನಿಂದ ಸಾಯುವವರ ಸಂಖ್ಯೆ ಮಾತ್ರ ಬದಲಾಗಲೇ ಇಲ್ಲ. ಅಂದರೆ ಹುಡುಕಿ ತೆಗೆದ ಗಡ್ಡೆಗಳಲ್ಲಿ ಬಹಳಷ್ಟು ಯಾರನ್ನೂ ಕೊಲ್ಲುವಂಥವೇ ಆಗಿರಲಿಲ್ಲ. ಆದರೂ ಹೆಚ್ಚಿನವರಿಗೆ ಆಪರೇಷನ್ ಆಯಿತು, ಗ್ರಂಥಿ ಪೂರ್ತಿ ತೆಗೆಸಿಕೊಂಡವರಿಗೆ ಜೀವಮಾನವಿಡೀ ಮಾತ್ರೆ. ಎಲ್ಲ ತಪಾಸಣೆಯೂ ಹೀಗಲ್ಲ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ನಿಜವಾಗಿ ಜೀವ ಉಳಿಸುತ್ತದೆ. ತಪಾಸಣೆಯಿಂದ ಸಾವು ಕಡಿಮೆಯಾಯಿತಾ ಅಂತ ಕೇಳಿದರೆ ಎರಡರ ವ್ಯತ್ಯಾಸ ಗೊತ್ತಾಗುತ್ತದೆ.

ಹೇಳುತ್ತಿರುವವರು ಯಾರು

ಉಬ್ಬಿಸುವುದು ಪತ್ರಕರ್ತರು ಮಾತ್ರ ಅಂದುಕೊಂಡಿದ್ದೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬ್ರಿಟನ್ನಿನ 20 ವಿಶ್ವವಿದ್ಯಾಲಯಗಳ 462 ಪತ್ರಿಕಾ ಹೇಳಿಕೆಗಳನ್ನು ಮೂಲ ಸಂಶೋಧನೆಯ ಪಕ್ಕ ಇಟ್ಟು ನೋಡಿತು. ಸುಮಾರು ಶೇಕಡಾ 40 ಹೇಳಿಕೆಗಳಲ್ಲಿ ಜನರಿಗೆ ಕೊಟ್ಟ ಸಲಹೆ ಮೂಲದಲ್ಲಿ ಇದ್ದದ್ದಕ್ಕಿಂತ ಉಬ್ಬಿತ್ತು. ಹೇಳಿಕೆ ಉಬ್ಬಿದ್ದರೆ ಸುದ್ದಿಯೂ ಹೆಚ್ಚಾಗಿ ಉಬ್ಬುತ್ತಿತ್ತು. ಅಂದರೆ ದೊಡ್ಡ ವಿಶ್ವವಿದ್ಯಾಲಯದ ಹೆಸರಿದ್ದ ಮಾತ್ರಕ್ಕೆ ಸಾಲದು.

ನಾನು ನೋಡುವುದು, ಆ ಸಂಶೋಧನೆಯಲ್ಲಿ ಭಾಗಿ ಅಲ್ಲದ ಬೇರೆ ತಜ್ಞರು ಒಬ್ಬರಾದರೂ ಮಾತಾಡಿದ್ದಾರಾ ಅಂತ. ಹಣ ಕೊಟ್ಟವರು ಯಾರು ಅನ್ನುವುದನ್ನೂ ನೋಡುತ್ತೇನೆ, ಆದರೆ ಕಂಪನಿಯ ಹಣ ಅಂದಾಕ್ಷಣ ಸುಳ್ಳು ಅನ್ನುವುದಿಲ್ಲ. ಲೆಕಾನೆಮ್ಯಾಬ್ ಟ್ರಯಲ್ ನಡೆದದ್ದೂ ಕಂಪನಿ ಹಣದಲ್ಲೇ, ಆ ಊತದ ಅಂಕಿ ಕೂಡ ಅದೇ ವರದಿಯಲ್ಲಿ ಇತ್ತು. ಇನ್ನು ವೀಡಿಯೋದಲ್ಲಿ ಮಾತಾಡುವವರೇ ಕೊನೆಗೆ ಅದೇ ಪುಡಿಯನ್ನೋ ಕ್ಯಾಪ್ಸೂಲನ್ನೋ ಮಾರುತ್ತಿದ್ದರೆ, "ರಾಮಬಾಣ", "ಬೇರು ಸಮೇತ", "ಡಾಕ್ಟರುಗಳು ಮುಚ್ಚಿಟ್ಟ ಗುಟ್ಟು", "ಅಡ್ಡ ಪರಿಣಾಮವೇ ಇಲ್ಲ" ಅನ್ನುವ ಮಾತು ಬಂದರೆ, ಅಲ್ಲಿಗೇ ಮುಚ್ಚಿಬಿಡಿ. ಕೆಲಸ ಮಾಡುವ ಯಾವ ಔಷಧಿಗೂ ಅಡ್ಡ ಪರಿಣಾಮ ಒಂದಿಷ್ಟು ಇದ್ದೇ ಇರುತ್ತದೆ.

ತಾರೀಖು ನೋಡಿ. ಐದಾರು ವರ್ಷದ ಹಿಂದಿನ ಸುದ್ದಿ ಹೊಸದರ ಹಾಗೆ ಸುತ್ತುತ್ತಿರುತ್ತದೆ. ಅಷ್ಟರಲ್ಲಿ ಆ ಸಂಶೋಧನೆಯನ್ನೇ ಹಿಂದಕ್ಕೆ ಪಡೆದಿರಲೂಬಹುದು. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ 1998ರ ಲೇಖನ ಬರೀ 12 ಮಕ್ಕಳ ಮೇಲೆ ನಿಂತಿತ್ತು, 2010ರಲ್ಲಿ ಪತ್ರಿಕೆ ಅದನ್ನು ಹಿಂದಕ್ಕೆ ಪಡೆಯಿತು, ಅದೇ ವರ್ಷ ಬರೆದ ಆಂಡ್ರ್ಯೂ ವೇಕ್‌ಫೀಲ್ಡ್ ಅವರ ಹೆಸರನ್ನು ಬ್ರಿಟನ್ನಿನ ಡಾಕ್ಟರುಗಳ ಪಟ್ಟಿಯಿಂದ ತೆಗೆದರು. ಆದರೂ ಆ ಭಯ ಇನ್ನೂ ಮನೆ ಮನೆ ಸುತ್ತುತ್ತಿದೆ.

ಒಳ್ಳೆಯ ಸುದ್ದಿ ಹೇಗಿರುತ್ತದೆ

ಎಲ್ಲವನ್ನೂ ಅನುಮಾನಿಸಿ ಅಂತ ನಾನು ಹೇಳುತ್ತಿಲ್ಲ. 2020ರ ಜೂನ್ ತಿಂಗಳನ್ನು ನೆನಪಿಸಿಕೊಳ್ಳಿ. ಕೊರೋನಾಕ್ಕೆ ಹೈಡ್ರಾಕ್ಸಿಕ್ಲೋರೋಕ್ವಿನ್ ಅನ್ನುವ ಮಲೇರಿಯಾ ಮಾತ್ರೆಯೇ ಮದ್ದು ಅಂತ ಎಲ್ಲೆಲ್ಲೂ ಗದ್ದಲ ನಡೆಯುತ್ತಿತ್ತು, ಅದರ ಹಿಂದೆ ಇದ್ದದ್ದು ಕೆಲವೇ ಜನರ ಮೇಲೆ ಮಾಡಿದ ಸಣ್ಣ ಅಧ್ಯಯನಗಳು. ಬ್ರಿಟನ್ನಿನ ರಿಕವರಿ ಅನ್ನುವ ಹೆಸರಿನ ಟ್ರಯಲ್ ಆ ತಿಂಗಳು ಎರಡು ವಿಷಯ ಹೇಳಿತು. ಆಸ್ಪತ್ರೆ ಸೇರಿದವರಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್‌ನಿಂದ ಸಾವು ಕಡಿಮೆಯಾಗುವುದಿಲ್ಲ. ಡೆಕ್ಸಾಮೆಥಾಸೋನ್ ಅನ್ನುವ ಹಳೆಯ, ಅಗ್ಗದ ಸ್ಟೀರಾಯ್ಡ್‌ನಿಂದ ಕಡಿಮೆಯಾಗುತ್ತದೆ.

ಎರಡನೆಯದನ್ನು ನಾವು ಕಲಿತ ಪ್ರಶ್ನೆಗಳಿಂದ ನೋಡಿ. ಯಾರ ಮೇಲೆ? ಆಸ್ಪತ್ರೆ ಸೇರಿದ 6,400ಕ್ಕೂ ಹೆಚ್ಚು ಜನ. ಹೋಲಿಕೆ? ಚೀಟಿ ಎತ್ತಿದ ಹಾಗೆ ಗುಂಪು. ಅಳೆದದ್ದು? ಸಾವು. ಎಷ್ಟರಲ್ಲಿ ಎಷ್ಟು? ವೆಂಟಿಲೇಟರ್‌ನಲ್ಲಿದ್ದ 100 ಜನರಲ್ಲಿ ಸಾವು ಸುಮಾರು 41ರಿಂದ 29ಕ್ಕೆ ಇಳಿಯಿತು. ಬರೀ ಆಕ್ಸಿಜನ್ ಬೇಕಾಗಿದ್ದವರಲ್ಲಿ 26ರಿಂದ 23ಕ್ಕೆ. ಆಕ್ಸಿಜನ್ ಬೇಡವಾಗಿದ್ದವರಿಗೆ ಏನೂ ಉಪಯೋಗ ಆಗಲಿಲ್ಲ. ಈ ಕೊನೆಯ ಸಾಲು ನನಗೆ ತುಂಬ ಮುಖ್ಯ. ಯಾರಿಗೆ ಉಪಯೋಗ ಇಲ್ಲ ಅಂತ ತಾನೇ ಹೇಳುವ ಸುದ್ದಿಯನ್ನು ನಂಬಲು ಮನಸ್ಸಾಗುತ್ತದೆ. ಆ ಸಾಲು ಓದದೆ ಮನೆಯಲ್ಲೇ ಕೂತು ಸ್ಟೀರಾಯ್ಡ್ ನುಂಗಿದವರು ತೊಂದರೆಗೆ ಸಿಕ್ಕಿಕೊಂಡರು.

ನೀವೇ ಹುಡುಕುವುದಾದರೆ ಕಾಕ್ರೇನ್ ಸಂಸ್ಥೆಯ ತಾಣದಲ್ಲಿ ಒಂದು ವಿಷಯದ ಮೇಲಿನ ಟ್ರಯಲ್‌ಗಳನ್ನೆಲ್ಲ ಒಟ್ಟು ಮಾಡಿ, ಸರಳ ಭಾಷೆಯಲ್ಲಿ ಸಾರಾಂಶ ಕೊಟ್ಟಿರುತ್ತಾರೆ. ಒಂದೊಂದೇ ಅಧ್ಯಯನ ಬೇಕಿದ್ದರೆ ಪಬ್‌ಮೆಡ್ ಅನ್ನುವ ತಾಣದಲ್ಲಿ ಹುಡುಕಿ. ಹಿಂದಕ್ಕೆ ಪಡೆದ ಲೇಖನ ಆಗಿದ್ದರೆ ಅಲ್ಲಿ ಮೇಲುಗಡೆಯೇ ಬರೆದಿರುತ್ತದೆ. ಇಂಗ್ಲಿಷ್ ಕಷ್ಟ ಅನ್ನುವವರು ಮನೆಯಲ್ಲಿ ಓದುವ ಹುಡುಗರನ್ನು ಪಕ್ಕ ಕೂರಿಸಿಕೊಳ್ಳಿ, ಹತ್ತು ನಿಮಿಷದ ಕೆಲಸ.

ಡಾಕ್ಟರ ಹತ್ತಿರ ತೆಗೆದುಕೊಂಡು ಹೋಗುವುದು

ನಾನು ಒಮ್ಮೆ ಸುದ್ದಿ ತೋರಿಸಲು ಹೋದಾಗ ಡಾಕ್ಟರು ಫೋನನ್ನೂ ನೋಡದೆ "ಇದೆಲ್ಲ ಓದಬೇಡಿ" ಅಂದುಬಿಟ್ಟರು. ಬಹಳ ಬೇಸರವಾಯಿತು. ಆಮೇಲೆ ಯೋಚಿಸಿದರೆ ನಾನು ಕೇಳಿದ ರೀತಿಯೂ ಹಾಗೇ ಇತ್ತು, "ಇದು ನಿಜವಾ?" ಅಂತ. ಐದು ನಿಮಿಷದಲ್ಲಿ ಅವರು ಅದಕ್ಕೆ ಏನು ಹೇಳಲಾದೀತು? ಈಗ ಫೋನ್ ತೋರಿಸುವುದಿಲ್ಲ. ಔಷಧಿಯ ಹೆಸರು, ಯಾರ ಮೇಲೆ ಪರೀಕ್ಷೆ ಆಯಿತು, 100ಕ್ಕೆ ಎಷ್ಟು, ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, "ಇದು ಇವರಿಗೆ ಹೊಂದುತ್ತದಾ? ಹೊಂದದಿದ್ದರೆ ಈಗ ಇವರಿಗೆ ಬೇರೆ ಏನು ಮಾಡಬಹುದು?" ಅಂತ ಕೇಳುತ್ತೇನೆ.

ದೊಡ್ಡಮ್ಮನ ವಿಷಯದಲ್ಲಿ ಆ ಎರಡನೇ ಪ್ರಶ್ನೆಯಿಂದಲೇ ಉಪಯೋಗವಾಯಿತು. ಡಾಕ್ಟರು ಮನೆಯಲ್ಲಿ ಕೊಡುತ್ತಿದ್ದ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಇಡಿಸಿದರು. ರಾತ್ರಿ ನಿದ್ದೆ ಬರಲಿ ಅಂತ ದೊಡ್ಡಪ್ಪ ಬಹಳ ದಿನದಿಂದ ಕೊಡುತ್ತಿದ್ದ ಹಳೆಯ ಥರದ ಅಲರ್ಜಿ ಮಾತ್ರೆ ಅದರಲ್ಲಿತ್ತು. ಮರೆವಿನ ಕಾಯಿಲೆ ಇರುವವರಲ್ಲಿ ಅಂಥ ಮಾತ್ರೆ ಗೊಂದಲವನ್ನು ಇನ್ನೂ ಹೆಚ್ಚಿಸುತ್ತದೆ. ಅದನ್ನು ನಿಲ್ಲಿಸಿದ ಮೇಲೆ ಹಗಲಿನ ಮಂಪರು ಕಡಿಮೆಯಾಯಿತು. ಮರೆವು ಹಾಗೇ ಇದೆ, ಆದರೆ ಬೆಳಿಗ್ಗೆ ಎದ್ದು ಕೂತು ತಿಂಡಿ ತಿನ್ನುತ್ತಾರೆ.

ನೀವು ನೋಡಿಕೊಳ್ಳುವವರಾಗಿದ್ದು, ರೋಗಿಯೇ ಆಸೆಯಿಂದ ಸುದ್ದಿ ತೋರಿಸಿದರೆ "ಅದೆಲ್ಲ ಸುಳ್ಳು" ಅಂತ ಹೊಡೆದುಹಾಕಬೇಡಿ. ಯಾವ ಮಾತು ಹಿಡಿಸಿತು ಅಂತ ಕೇಳಿ. ನೋವಿಗಾ, ಸಾವಿನ ಭಯಕ್ಕಾ, ಮಾತ್ರೆ ನುಂಗಿ ಸಾಕಾಗಿದೆಯಾ, ಅದು ಆಗ ಹೊರಗೆ ಬರುತ್ತದೆ. ಡಾಕ್ಟರಿಗೆ ಹೇಳಬೇಕಾದ್ದು ಅದನ್ನು.

ಉತ್ತರ ಸಿಗುವ ತನಕ ಈಗ ನಡೆಯುತ್ತಿರುವ ಮಾತ್ರೆಗಳು ನಡೆಯಲಿ. ಇದರಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ. ಹೃದಯದ ಬಡಿತ ಇಳಿಸುವ ಬೀಟಾ ಬ್ಲಾಕರ್ ಮಾತ್ರೆ ದಿಢೀರ್ ನಿಲ್ಲಿಸಿದರೆ ಎದೆನೋವು, ಹೃದಯಾಘಾತ ಬರಬಹುದು. ಬಹಳ ದಿನ ಸ್ಟೀರಾಯ್ಡ್ ತೆಗೆದುಕೊಂಡವರ ದೇಹ ತನ್ನದೇ ಹಾರ್ಮೋನ್ ಮಾಡುವುದನ್ನು ಕಡಿಮೆ ಮಾಡಿರುತ್ತದೆ, ಒಮ್ಮೆಲೇ ಬಿಟ್ಟರೆ ಕುಸಿದು ಬೀಳಬಹುದು. ಫಿಟ್ಸ್ ಮಾತ್ರೆ ಬಿಟ್ಟರೆ ಫಿಟ್ಸ್. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುವಾಗಿಸುವ ಮಾತ್ರೆ ಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಖಿನ್ನತೆಯ ಮಾತ್ರೆಯನ್ನೂ ಮೆಲ್ಲಗೆ ಇಳಿಸಬೇಕು.

ಯಾವುದೋ ಸುದ್ದಿ ಓದಿ ಈಗಾಗಲೇ ಬಿಟ್ಟಿದ್ದೀರಾ? ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಕೊನೆಯ ಸಲ ತೆಗೆದುಕೊಂಡ ದಿನ, ಈ ಮೂರು ಹೇಳಿ. ಬಿಟ್ಟ ದಿನಗಳದ್ದನ್ನು ಸರಿದೂಗಿಸಲು ಒಟ್ಟಿಗೆ ಎರಡು ನುಂಗಬೇಡಿ. ಎದೆನೋವು, ಉಸಿರಾಟದ ಕಷ್ಟ, ಒಂದು ಕಡೆ ಕೈಕಾಲು ಸೋಲುವುದು, ಫಿಟ್ಸ್, ಇವುಗಳಲ್ಲಿ ಯಾವುದು ಕಂಡರೂ ಫೋನಿಗೆ ಕಾಯದೆ ನೇರ ತುರ್ತು ಚಿಕಿತ್ಸೆಗೆ ಹೋಗಿ, ಮಾತ್ರೆಯ ಖಾಲಿ ಸ್ಟ್ರಿಪ್ಪನ್ನು ಜೊತೆಗೆ ತೆಗೆದುಕೊಂಡು ಹೋಗಿ.